ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್: ಕೀ ಬೇರೆ, ಲೈಸೆನ್ಸ್ ಬೇರೆ

ಪ್ರಶ್ನೆ: ದಾವಣಗೆರೆಯಲ್ಲಿ ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಸಣ್ಣ ಕಚೇರಿ ನನ್ನದು. ನನಗೂ ಇಬ್ಬರು ಸಹಾಯಕರಿಗೂ ಸೇರಿ ಮೂರು ಲ್ಯಾಪ್‌ಟಾಪ್‌ಗಳಿವೆ. ಒಂದು 2017ರದು, 7ನೇ ತಲೆಮಾರಿನ ಐ5; ಇನ್ನೆರಡು 2021ರವು, 11ನೇ ತಲೆಮಾರಿನವು. ಮೂರೂ ವಿಂಡೋಸ್ 10 ಹೋಮ್ ಸಮೇತ ಬಂದವು. ವಿಂಡೋಸ್ 10ರ ಬೆಂಬಲ ನಿಂತ ಮೇಲೆ, 16 ಜಿಬಿ ಮೆಮೊರಿ ಇರುವ 2021ರ ಒಂದು ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಳಿಸಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಟ್ಯಾಲಿ, ಡಿಜಿಟಲ್ ಸಹಿಯ (ಡಿಎಸ್‌ಸಿ) ಯುಎಸ್‌ಬಿ ಟೋಕನ್ ಮತ್ತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿಗೆ ವಿಂಡೋಸ್ ಬೇಕಾಗಿದ್ದರಿಂದ, ಉಬುಂಟು ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು (ವರ್ಚುವಲ್ ಮಷೀನ್) ಓಡಿಸುವ ತಂತ್ರಾಂಶದಲ್ಲಿ, ವಿಂಡೋಸ್ 11 ಸ್ಥಾಪಿಸಿದೆ. ಅದು ಆಕ್ಟಿವೇಟ್ ಆಗಲಿಲ್ಲ. ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪಿನ ವಿಂಡೋಸ್ ನನ್ನದೇ ಅಲ್ಲವೇ? ಆನ್‌ಲೈನ್‌ನಲ್ಲಿ 400 ರೂಪಾಯಿಗೆ ಪ್ರೊ ಕೀ ಸಿಗುತ್ತದೆ, ಅದನ್ನು ಹಾಕಬಹುದೇ? ಆಕ್ಟಿವೇಟ್ ಮಾಡದೆ ಹಾಗೇ ಬಳಸಿದರೂ ತೊಂದರೆಯಿಲ್ಲ ಎಂದು ಒಬ್ಬರು ಹೇಳುತ್ತಾರೆ. ಒಂದು ವರ್ಚುವಲ್ ಮಷೀನ್ ಸಿದ್ಧಮಾಡಿ ಅದನ್ನೇ ಮೂರು ಕಡೆ ಕಾಪಿ ಮಾಡಬಹುದೇ, ಅಥವಾ ಒಂದನ್ನೇ ಮೂವರೂ ದೂರದಿಂದ ಬಳಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಗಳೆಲ್ಲ ಒಂದೇ ಗೊಂದಲದಿಂದ ಹುಟ್ಟಿವೆ. ಕಾನೂನಿಗೆ ಅಂಜಿ ಸರಿಯಾದ ದಾರಿ ಹುಡುಕುವವರನ್ನೂ ಆ ಗೊಂದಲ ದಾರಿ ತಪ್ಪಿಸುತ್ತದೆ. 25 ಅಕ್ಷರಗಳ ಪ್ರಾಡಕ್ಟ್ ಕೀಯನ್ನೇ ನಾವು ಲೈಸೆನ್ಸ್ ಎಂದುಕೊಂಡಿದ್ದೇವೆ. ಲೈಸೆನ್ಸ್ ಎಂದರೆ ಮೈಕ್ರೋಸಾಫ್ಟ್ ಕೊಡುವ ಅನುಮತಿ. ಯಾವ ಯಂತ್ರದಲ್ಲಿ, ಎಷ್ಟು ಪ್ರತಿ, ಯಾರು ಬಳಸಬಹುದು ಎಂಬುದು ಅದರ ಒಪ್ಪಂದದಲ್ಲಿ ಬರೆದಿರುತ್ತದೆ. ಕೀ ಆ ಅನುಮತಿಯನ್ನು ಗುರುತಿಸುವ ಚೀಟಿ. ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಅನುಮತಿ ಇದೆ ಎಂದಾಗುವುದಿಲ್ಲ. ಕೆಲವೊಮ್ಮೆ, ನಿಮ್ಮ ವಿಷಯದಲ್ಲಿ ಆದಂತೆ, ಚೀಟಿ ಕಣ್ಣಿಗೆ ಬೀಳದಿದ್ದರೂ ಅನುಮತಿ ಭದ್ರವಾಗಿಯೇ ಇರುತ್ತದೆ.

ಮೊದಲು ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ವಿಚಾರ. ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರು ಕೀಯನ್ನು ಯಂತ್ರದ ತಳಕ್ಕೆ ಅಂಟಿಸುವ ಬದಲು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶ), ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಬರೆದಿಡುತ್ತಾರೆ. ಖಾಲಿ ಡಿಸ್ಕಿಗೆ ವಿಂಡೋಸ್ ಹಾಕಿದಾಗ ಸ್ಥಾಪನಾ ಕಾರ್ಯಕ್ರಮ ಆ ಕೋಷ್ಟಕವನ್ನು ಓದಿಕೊಳ್ಳುತ್ತದೆ, ನಿಮ್ಮನ್ನು ಏನೂ ಕೇಳುವುದಿಲ್ಲ. ವರ್ಚುವಲ್‌ಬಾಕ್ಸ್ ತನ್ನ ಒಳಗಿನ ಯಂತ್ರಕ್ಕೆ ಬೇರೆಯೇ ಫರ್ಮ್‌ವೇರ್ ಒದಗಿಸುತ್ತದೆ, ಅದರಲ್ಲಿ ಈ ಕೋಷ್ಟಕ ಇರುವುದಿಲ್ಲ. ಒಳಗಿನ ವಿಂಡೋಸ್‌ಗೆ ಕಾಣುವುದು ಹಿಂದೆಂದೂ ನೋಡದ ಹೊಸ ಕಂಪ್ಯೂಟರ್. ಹೊರಗಿನ ಲ್ಯಾಪ್‌ಟಾಪ್ ಯಾವುದು, ಅದನ್ನು ಕೊಂಡವರು ಯಾರು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಆಕ್ಟಿವೇಟ್ ಆಗಲಿಲ್ಲ. ನಿಮ್ಮಿಂದ ಸ್ಥಾಪನೆಯಲ್ಲಿ ತಪ್ಪೇನೂ ಆಗಿಲ್ಲ.

ಹಾಗಾದರೆ ಆ ಕೀಯನ್ನು ಉಬುಂಟುವಿನಿಂದ ಓದಿ ಒಳಗೆ ತುಂಬಬಹುದಲ್ಲ ಎಂದು ನೀವು ಕೇಳಬಹುದು. ತಾಂತ್ರಿಕವಾಗಿ ಅದಕ್ಕೆ ದಾರಿಗಳಿವೆ. ಆದರೆ ಯಂತ್ರದ ಜೊತೆ ಬರುವ, ಅಂದರೆ ಒಇಎಂ ಲೈಸೆನ್ಸಿನ ಒಪ್ಪಂದ ಎರಡು ಮಾತು ಹೇಳುತ್ತದೆ. ಭೌತಿಕವಾಗಿರಲಿ ವರ್ಚುವಲ್ ಆಗಿರಲಿ, ಒಂದು ಸಾಧನದಲ್ಲಿ ಒಂದು ಪ್ರತಿ ಎಂಬುದು ಮೊದಲನೆಯದು. ಈ ಲೈಸೆನ್ಸನ್ನು ಅದು ಬಂದ ಸಾಧನದ ಸಮೇತವಲ್ಲದೆ ಬೇರೆಡೆಗೆ ವರ್ಗಾಯಿಸುವಂತಿಲ್ಲ ಎಂಬುದು ಎರಡನೆಯದು. ವರ್ಚುವಲ್ ಮಷೀನನ್ನು ಒಪ್ಪಂದವೇ ಒಂದು ಸಾಧನ ಎಂದು ಕರೆದಿರುವಾಗ, ಲ್ಯಾಪ್‌ಟಾಪಿನ ಲೈಸೆನ್ಸ್ ಅದರೊಳಗಿನ ವರ್ಚುವಲ್ ಮಷೀನ್‌ಗೆ ಇಳಿದುಬರುತ್ತದೆ ಎಂದು ವಾದಿಸುವುದು ಕಷ್ಟ. ಯಂತ್ರ ಅದೇ, ಹೊರಗಿನ ವಿಂಡೋಸ್ ಅಳಿಸಿದ್ದೇನೆ, ಬಳಸುತ್ತಿರುವುದು ಒಂದೇ ಪ್ರತಿ ಎಂಬ ನಿಮ್ಮ ಭಾವನೆ ನ್ಯಾಯವಾದದ್ದೇ. ಮನೆಯಲ್ಲಿ ಕಲಿಯುವ ವಿದ್ಯಾರ್ಥಿ ಕೇಳಿದ್ದರೆ ನಾನು ಇಷ್ಟು ಬಿಗಿಯಾಗಿ ಹೇಳುತ್ತಿರಲಿಲ್ಲವೇನೋ. ಇತರರ ಲೆಕ್ಕಪತ್ರ ನೋಡುವ ಕಚೇರಿ ಇಂಥ ವಾದದ ಮೇಲೆ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ.

ಇದರ ಇನ್ನೊಂದು ಮುಖ ನಿಮಗೆ ಅನುಕೂಲಕರವಾಗಿದೆ. ವಿಂಡೋಸ್ ಅಳಿಸಿದ್ದರಿಂದ ನಿಮ್ಮ ಲೈಸೆನ್ಸ್ ಹೋಗಲಿಲ್ಲ. ಅದು ಇನ್ನೂ ಆ ಲ್ಯಾಪ್‌ಟಾಪಿನಲ್ಲೇ ಇದೆ. ನಾಳೆ ಉಬುಂಟು ತೆಗೆದು ವಿಂಡೋಸ್ 11 ಹೋಮ್ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ರಿಂದ 11ಕ್ಕೆ ಏರಲು ಅರ್ಹವಾದ ಯಂತ್ರಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಇದಕ್ಕೇ ಮರಳುತ್ತೇನೆ.

ವರ್ಚುವಲ್ ಮಷೀನ್ ಬಗ್ಗೆ ಎರಡು ವಿರುದ್ಧ ನಂಬಿಕೆಗಳು ಇನ್ನೂ ಚಾಲ್ತಿಯಲ್ಲಿವೆ, ಎರಡಕ್ಕೂ ಹಿಂದೊಮ್ಮೆ ಆಧಾರವಿತ್ತು. ಹೋಮ್ ಆವೃತ್ತಿಯನ್ನು ವರ್ಚುವಲ್ ಮಷೀನ್‌ನಲ್ಲಿ ಹಾಕುವಂತೆಯೇ ಇಲ್ಲ ಎಂಬುದು ಒಂದು. 2007ರಲ್ಲಿ ವಿಸ್ತಾ ಬಂದಾಗ ಅದರ ಹೋಮ್ ಆವೃತ್ತಿಗಳ ಒಪ್ಪಂದದಲ್ಲಿ ಈ ನಿಷೇಧ ನಿಜಕ್ಕೂ ಇತ್ತು. 2008ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಈಗ ಹೋಮ್ ಕೂಡ ಒಳಗೆ ಓಡಬಹುದು, ಅದಕ್ಕೆ ತನ್ನದೇ ಲೈಸೆನ್ಸ್ ಇದ್ದರೆ ಸಾಕು. ಹೊರಗೆ ವಿಂಡೋಸ್ ಇದ್ದರೆ ಒಳಗಿನದು ಉಚಿತ ಎಂಬುದು ಇನ್ನೊಂದು. ಇದು ವಿಂಡೋಸ್ 7ರ ನೆನಪು. ಅದರ ಪ್ರೊಫೆಷನಲ್ ಮತ್ತು ಮೇಲಿನ ಆವೃತ್ತಿಗಳಿಗೆ ಎಕ್ಸ್‌ಪಿ ಮೋಡ್ ಎಂಬ ಹೆಸರಿನಲ್ಲಿ, ವರ್ಚುವಲ್ ಮಷೀನ್‌ನಲ್ಲಿ ಓಡುವ ಎಕ್ಸ್‌ಪಿಯನ್ನು ಲೈಸೆನ್ಸ್ ಸಮೇತ ಕೊಡಲಾಗಿತ್ತು. ಅಂಥ ಕೊಡುಗೆ ಇಂದಿನ ಹೋಮ್‌ಗಾಗಲಿ ಪ್ರೊಗಾಗಲಿ ಇಲ್ಲ. ಹಳೆಯ ವಿಂಡೋಸ್ 7 ಕೀ ಹಾಕಿ ಹೊಸದನ್ನು ಆಕ್ಟಿವೇಟ್ ಮಾಡುವ ದಾರಿಯನ್ನೂ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಲಾಯಿತು.

ಇನ್ನು 400 ರೂಪಾಯಿ ಕೀ. ಇದನ್ನು ಹಾಕಿದಾಗ ಅನೇಕ ಸಲ ಆಕ್ಟಿವೇಟ್ ಆಗಿಯೇ ಆಗುತ್ತದೆ, ಜನ ನಂಬುವುದು ಅದಕ್ಕಾಗಿಯೇ. ದೊಡ್ಡ ಸಂಸ್ಥೆಗೆ ಕೊಟ್ಟ ವಾಲ್ಯೂಮ್ ಕೀಗಳು, ತಂತ್ರಾಂಶ ಬರೆಯುವವರಿಗೆ ಪರೀಕ್ಷೆಗೆಂದು ಕೊಟ್ಟವು, ಗುಜರಿಗೆ ಹೋದ ಯಂತ್ರಗಳಿಂದ ತೆಗೆದವು ಹೀಗೆ ಬಿಡಿಬಿಡಿಯಾಗಿ ಮಾರುಕಟ್ಟೆಗೆ ಬರುತ್ತವೆ. ಆಕ್ಟಿವೇಶನ್ ಸರ್ವರ್ ನೋಡುವುದು ಆ ಕೀ ನಿಜವಾದದ್ದೇ, ಅದರ ಮಿತಿ ಮುಗಿದಿದೆಯೇ ಎಂಬುದನ್ನು ಮಾತ್ರ. ಮಾರುವವನಿಗೆ ಅದನ್ನು ಮಾರುವ ಹಕ್ಕಿತ್ತೇ ಎಂದು ಅದು ಕೇಳುವುದಿಲ್ಲ. ಮುಂದೊಂದು ದಿನ ಆ ಕೀಯನ್ನು ಮೈಕ್ರೋಸಾಫ್ಟ್ ತಡೆಹಿಡಿದರೆ ನಿಮ್ಮ ಕೈಯಲ್ಲಿ ಬಿಲ್ಲೂ ಇರುವುದಿಲ್ಲ, ಲೈಸೆನ್ಸೂ ಇರುವುದಿಲ್ಲ. ಕೊಳ್ಳುವುದೇ ಆದರೆ ಕಚೇರಿಯ ಹೆಸರಿಗೆ ಜಿಎಸ್‌ಟಿ ಇನ್‌ವಾಯ್ಸ್ ಕೊಡಬಲ್ಲ ಮಾರಾಟಗಾರರಿಂದಲೇ ಕೊಳ್ಳಿ. ಬಿಲ್ ನೋಡಿ ವ್ಯವಹಾರ ಅಳೆಯುವುದು ನಿಮ್ಮದೇ ವೃತ್ತಿ. ಇಲ್ಲೂ ಅದೇ ಅಳತೆ ಸಾಕು.

ಇದಕ್ಕಿಂತ ಅಪಾಯಕಾರಿಯಾದದ್ದು, ಆಂಟಿವೈರಸ್ ಆಫ್ ಮಾಡಿ ಓಡಿಸಬೇಕಾದ ಆಕ್ಟಿವೇಟರ್‌ಗಳು. ಅವುಗಳಲ್ಲಿ ಬಹಳಷ್ಟು ಕೆಎಂಎಸ್ ಎಂಬ ವ್ಯವಸ್ಥೆಯನ್ನು ನಕಲು ಮಾಡುತ್ತವೆ. ಕೆಎಂಎಸ್ ಮೈಕ್ರೋಸಾಫ್ಟ್‌ನದೇ ವ್ಯವಸ್ಥೆ, ದೊಡ್ಡ ಸಂಸ್ಥೆಗಳಿಗೆಂದು ಮಾಡಿದ್ದು. ಕನಿಷ್ಠ 25 ಡೆಸ್ಕ್‌ಟಾಪ್ ಯಂತ್ರಗಳಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಪ್ರತಿ ಆಕ್ಟಿವೇಶನ್ನಿನ ಅವಧಿ 180 ದಿನ. ಮೂರು ಲ್ಯಾಪ್‌ಟಾಪಿನ ಕಚೇರಿಯ ವಿಂಡೋಸ್ 180 ದಿನದ ವಾಯಿದೆ ತೋರಿಸುತ್ತಿದ್ದರೆ ಅದು ಎಲ್ಲಿಂದ ಬಂತೆಂದು ಹೇಳುವುದು ಕಷ್ಟವಲ್ಲ. ನಿಮ್ಮ ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರ, ಪೋರ್ಟಲ್‌ಗಳ ಪಾಸ್‌ವರ್ಡ್ ಇರುವ ಯಂತ್ರದಲ್ಲಿ, ಯಾರು ಬರೆದರೆಂದು ತಿಳಿಯದ ಕಾರ್ಯಕ್ರಮಕ್ಕೆ ಪೂರ್ಣ ಅಧಿಕಾರ ಕೊಟ್ಟಂತಾಗುತ್ತದೆ. ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ವ್ಯಾಪಾರ ವ್ಯವಹಾರದ ಲಾಭಕ್ಕಾಗಿ ಅಲ್ಲದ ಬಳಕೆಗೆ ಸೆರೆವಾಸ ಬಿಟ್ಟುಕೊಡುವ ಅವಕಾಶ ನ್ಯಾಯಾಲಯಕ್ಕಿದೆ. ಕಚೇರಿಯ ಬಳಕೆ ಆ ರಿಯಾಯಿತಿಯ ಹೊರಗಿದೆ.

ಆಕ್ಟಿವೇಟ್ ಮಾಡದೆ ಬಳಸುವ ಬಗ್ಗೆ ನಿಮ್ಮ ಪರಿಚಿತರು ಹೇಳಿದ್ದು ತಂತ್ರಜ್ಞಾನದ ಮಟ್ಟಿಗೆ ಸರಿ. ಪರದೆಯ ಮೂಲೆಯಲ್ಲಿ ಬೂದು ಅಕ್ಷರದ ಸೂಚನೆ ನಿಲ್ಲುತ್ತದೆ, ಹಿನ್ನೆಲೆ ಚಿತ್ರ ಮತ್ತು ಬಣ್ಣ ಬದಲಿಸುವ ಆಯ್ಕೆಗಳು ಮುಚ್ಚಿರುತ್ತವೆ, ಉಳಿದದ್ದು ಓಡುತ್ತಿರುತ್ತದೆ. ಹಾಗೆ ಓಡಲು ಬಿಟ್ಟಿರುವುದರಿಂದ ಬಳಸುವ ಹಕ್ಕು ಬರುವುದಿಲ್ಲ. ಸರಿಯಾದ ಲೈಸೆನ್ಸ್ ಪಡೆದು ಆಕ್ಟಿವೇಟ್ ಮಾಡಿದರೆ ಮಾತ್ರ ಬಳಸಲು ಅನುಮತಿ ಎಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಟೋಕನ್ ಒಳಗೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಲು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನಗಳ ಪರೀಕ್ಷಾ ಪ್ರತಿ ಬಳಸಿ. ಪ್ರಯೋಗ ಮುಗಿದ ಮೇಲೆ ಅದರಲ್ಲಿ ನಿತ್ಯದ ಕೆಲಸ ಬೇಡ. ಅವಧಿ ಮೀರಿದರೆ ಅದು ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ.

ಒಂದು ವರ್ಚುವಲ್ ಮಷೀನ್ ಸಿದ್ಧಮಾಡಿ ಮೂರು ಕಡೆ ಕಾಪಿ ಮಾಡುವುದಕ್ಕೆ ಮೂರು ಲೈಸೆನ್ಸ್ ಬೇಕು. ಕಡತವನ್ನು ಕಾಪಿ ಮಾಡುವುದು ಎಷ್ಟೇ ಸುಲಭವಾದರೂ ಪ್ರತಿ ಕಾಪಿಯೂ ಒಂದು ಸಾಧನ. ಹಾಳಾದರೆ ಮರಳಿ ಪಡೆಯಲೆಂದು ಒಂದು ಬ್ಯಾಕಪ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅದನ್ನು ಇನ್ನೊಂದು ಕಡೆ ಓಡಿಸುವಂತಿಲ್ಲ ಅಷ್ಟೆ. ಒಂದನ್ನೇ ಮೂವರು ಬಳಸುವ ಆಲೋಚನೆಯೂ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬರುವವರನ್ನು ಸ್ವೀಕರಿಸುವುದೇ ಇಲ್ಲ. ಪ್ರೊ ಸ್ವೀಕರಿಸಿದರೂ ಒಂದು ಸಮಯಕ್ಕೆ ಒಬ್ಬರೇ. ಒಂದು ಕಡತವನ್ನು ತಿದ್ದಿ ಈ ಮಿತಿಯನ್ನು ಮುರಿಯುವ ಉಪಾಯ ಹೇಳಿಕೊಡುವವರಿದ್ದಾರೆ. ಅದು ಒಪ್ಪಂದದ ನೇರ ಉಲ್ಲಂಘನೆ, ಮುಂದಿನ ಅಪ್‌ಡೇಟ್ ಬಂದಾಗ ಕೆಟ್ಟುನಿಲ್ಲುವುದೂ ಸಾಮಾನ್ಯ. ಹಲವರು ಒಟ್ಟಿಗೆ ಬಳಸಲೇಬೇಕಾದರೆ ವಿಂಡೋಸ್ ಸರ್ವರ್ ಮತ್ತು ಪ್ರತಿ ಬಳಕೆದಾರರಿಗೆ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಕ್ಯಾಲ್, ಅಂದರೆ ಆ ಸರ್ವರ್ ಬಳಸುವ ಪ್ರತ್ಯೇಕ ಲೈಸೆನ್ಸ್ ಬೇಕಾಗುತ್ತದೆ. ಮೂವರ ಕಚೇರಿಗೆ ಅದು ಭಾರವಾದೀತು.

ಈಗ ನಿಮ್ಮ ಮುಂದಿರುವ ದಾರಿಗಳು. ನಾನು ಮೊದಲು ಸೂಚಿಸುವುದು ನೀವು ಕೇಳದೇ ಇರುವ ದಾರಿಯನ್ನು: ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ. 2021ರ ಎರಡೂ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹ, ಅವುಗಳ ಲೈಸೆನ್ಸನ್ನು ನೀವು ಆಗಲೇ ಕೊಂಡಿದ್ದೀರಿ. ಆ ಲೈಸೆನ್ಸ್ ಎಲ್ಲಿ ಸಲ್ಲುತ್ತದೆಯೋ ಅಲ್ಲಿಯೇ, ಅಂದರೆ ಲ್ಯಾಪ್‌ಟಾಪಿನ ಮೇಲೆ ನೇರವಾಗಿ ವಿಂಡೋಸ್ 11 ಹಾಕಿ, ಉಬುಂಟುವನ್ನು ವರ್ಚುವಲ್ ಮಷೀನ್‌ನಲ್ಲಿ ಇಟ್ಟುಕೊಳ್ಳಿ. ಉಬುಂಟುವಿಗೆ ಕೀ ಬೇಡ, ಆಕ್ಟಿವೇಶನ್ ಬೇಡ, ಎಷ್ಟು ಕಾಪಿ ಬೇಕಾದರೂ ಮಾಡಬಹುದು. ಡಿಎಸ್‌ಸಿ ಟೋಕನ್ ನೇರವಾಗಿ ವಿಂಡೋಸ್‌ಗೆ ಸಿಗುತ್ತದೆ, ಟ್ಯಾಲಿಯ ವೇಗವೂ ಕುಂದುವುದಿಲ್ಲ. ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ ಆನ್ ಆಗಿದ್ದರೆ, ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಮೂಲೆಯಲ್ಲಿ ಪುಟ್ಟ ಹಸಿರು ಆಮೆ ಕಾಣಿಸಿಕೊಂಡು ಒಳಗಿನ ಯಂತ್ರ ನಿಧಾನವಾಗುತ್ತದೆ. ಆಮೆಯನ್ನು ಓಡಿಸಲೆಂದು ಆ ಭದ್ರತೆಯನ್ನು ಆಫ್ ಮಾಡಬೇಡಿ. ಉಬುಂಟುವಿನಲ್ಲಿ ನೀವು ಮಾಡುವ ಕೆಲಸಕ್ಕೆ ಆ ವೇಗ ಸಾಲುತ್ತದೆಯೇ ಎಂದು ಒಂದು ವಾರ ನೋಡಿ.

ಉಬುಂಟುವೇ ಹೊರಗಿರಬೇಕು ಎಂದು ನಿಮಗೆ ಗಟ್ಟಿ ಮನಸ್ಸಿದ್ದರೆ ವರ್ಚುವಲ್ ಮಷೀನ್‌ಗೆ ಒಂದು ರೀಟೇಲ್ ಲೈಸೆನ್ಸ್, ಅಂದರೆ ಯಂತ್ರದ ಜೊತೆಗಲ್ಲದೆ ಬಿಡಿಯಾಗಿ ಮಾರುವ ಲೈಸೆನ್ಸ್ ಕೊಳ್ಳಿ. ಖರ್ಚು ಸಾವಿರಗಳಲ್ಲಿ ಆಗುತ್ತದೆ, ನಿಜ. ಆದರೆ ರೀಟೇಲ್ ಲೈಸೆನ್ಸನ್ನು ಹಳೆಯ ಸಾಧನದಿಂದ ತೆಗೆದು ನಿಮ್ಮದೇ ಇನ್ನೊಂದು ಸಾಧನಕ್ಕೆ ಒಯ್ಯಬಹುದು. ನಾಲ್ಕು ವರ್ಷದ ನಂತರ ಲ್ಯಾಪ್‌ಟಾಪ್ ಬದಲಾದರೂ ಅದು ನಿಮ್ಮ ಜೊತೆ ಬರುತ್ತದೆ. ದೂರದಿಂದ ಬಳಸುವ ಅಗತ್ಯವಿಲ್ಲದಿದ್ದರೆ ಹೋಮ್ ಸಾಕು.

ಈ ದಾರಿಯಲ್ಲಿ ಕೆಲಸದ ಕ್ರಮ ಮುಖ್ಯ. ಬಯಾಸ್‌ನಲ್ಲಿ ವಿಟಿ-ಎಕ್ಸ್ (ವರ್ಚುವಲ್ ಮಷೀನ್ ಓಡಿಸಲು ಪ್ರೊಸೆಸರ್ ಕೊಡುವ ಬೆಂಬಲ) ಆನ್ ಇರಲಿ. ವರ್ಚುವಲ್‌ಬಾಕ್ಸ್ 7ನೇ ಆವೃತ್ತಿ ಅಥವಾ ನಂತರದ್ದಾಗಿರಲಿ, ಏಕೆಂದರೆ ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯ್ದಿಡುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗುವ ವ್ಯವಸ್ಥೆ) ಅದರಲ್ಲಿ ಬಂದವು. 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್ ಎಂಬುದು ಕನಿಷ್ಠ ಅಳತೆ. ನಿಮ್ಮ 16 ಜಿಬಿಯಲ್ಲಿ ಎಂಟನ್ನು ಒಳಗೆ ಕೊಡಿ, ಡಿಸ್ಕಿಗೆ 100 ಜಿಬಿ ಇಡಿ. ಕೋರ್‌ಗಳು, ಮೆಮೊರಿ, ನೆಟ್‌ವರ್ಕ್ ಕಾರ್ಡ್ ಎಲ್ಲವನ್ನೂ ಕೊನೆಯ ರೂಪಕ್ಕೆ ತಂದ ಮೇಲೆಯೇ ಆಕ್ಟಿವೇಟ್ ಮಾಡಿ. ಆಕ್ಟಿವೇಶನ್ ಒಳಗಿನ ಯಂತ್ರದ ಗುರುತಿಗೆ ಅಂಟಿಕೊಂಡಿರುತ್ತದೆ. ಕ್ಲೋನ್ ಮಾಡಿದಾಗ ಅಥವಾ ಬೇರೆ ಕಡೆ ಇಂಪೋರ್ಟ್ ಮಾಡಿದಾಗ ಯಂತ್ರದ ಗುರುತಿನ ಸಂಖ್ಯೆಗಳಾದ ಯುಯುಐಡಿ, ಮ್ಯಾಕ್ ವಿಳಾಸ ಬದಲಾದರೆ ವಿಂಡೋಸ್ ಅದನ್ನು ಬೇರೆ ಕಂಪ್ಯೂಟರ್ ಎಂದೇ ತಿಳಿಯಬಹುದು. ಲೈಸೆನ್ಸನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ, ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಿಂದ ಮತ್ತೆ ಸರಿಪಡಿಸಿಕೊಳ್ಳಬಹುದು. ಟೋಕನ್‌ಗಾಗಿ ಉಬುಂಟುವಿನಲ್ಲಿ ನಿಮ್ಮ ಬಳಕೆದಾರ ಹೆಸರನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಬೇಕು, ಇಲ್ಲದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತದೆ. ವರ್ಚುವಲ್‌ಬಾಕ್ಸ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಲು ಹೋಗಬೇಡಿ. ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾದರೂ ಆ ಪ್ಯಾಕ್ ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಮಾತ್ರ ಉಚಿತ, ಕಚೇರಿಗೆ ಅಲ್ಲ. ವಿಂಡೋಸ್ ಲೈಸೆನ್ಸ್ ಬಗ್ಗೆ ಇಷ್ಟೆಲ್ಲ ಎಚ್ಚರ ವಹಿಸಿದವರೂ ಇಲ್ಲಿ ತಿಳಿಯದೆ ತಪ್ಪುತ್ತಾರೆ. ಟೋಕನ್‌ಗೆ ಬೇಕಾದ ಯುಎಸ್‌ಬಿ ಬೆಂಬಲ 7ನೇ ಆವೃತ್ತಿಯಿಂದ ಮೂಲ ತಂತ್ರಾಂಶದಲ್ಲೇ ಇದೆ.

ಬ್ಯಾಕಪ್ ವಿಷಯದಲ್ಲಿ ಒಂದು ಅನುಭವ ಹೇಳಲೇಬೇಕು. ಲ್ಯಾಪ್‌ಟಾಪ್ ಕೆಟ್ಟ ಮೇಲೆ ಒಬ್ಬರು ಪೋರ್ಟಬಲ್ ಡಿಸ್ಕ್ ಹಿಡಿದು ನನ್ನ ಬಳಿ ಬಂದರು. ಪ್ರತಿ ಶನಿವಾರ ಸಂಜೆ ತಪ್ಪದೆ ಬ್ಯಾಕಪ್ ತೆಗೆದಿದ್ದರು. ತಾರೀಖು ಬರೆದ ಫೋಲ್ಡರ್‌ಗಳು ಸಾಲಾಗಿದ್ದವು, ಪ್ರತಿಯೊಂದರಲ್ಲೂ ಒಂದೇ ಒಂದು ದೊಡ್ಡ ವಿಡಿಐ (ವರ್ಚುವಲ್ ಡಿಸ್ಕ್) ಕಡತ. ಹೊಸ ಯಂತ್ರದಲ್ಲಿ ಅದನ್ನು ಜೋಡಿಸಿ ಆನ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಿತು. ಒಳಗಿನ ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ಆನ್ ಆಗಿತ್ತು. ಅದರ ಗುಟ್ಟು ಇದ್ದದ್ದು ವರ್ಚುವಲ್ ಟಿಪಿಎಂನಲ್ಲಿ. ಆ ಟಿಪಿಎಂನ ಸ್ಥಿತಿ ಇರುವ ಎನ್‌ವಿರ‍್ಯಾಮ್ ಕಡತವನ್ನು ಅವರು ಒಮ್ಮೆಯೂ ಕಾಪಿ ಮಾಡಿರಲಿಲ್ಲ. ಅದೃಷ್ಟಕ್ಕೆ ರಿಕವರಿ ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿತ್ತು. ಖಾತೆಗೆ ಜೋಡಿಸಿದ್ದ ಫೋನ್ ನಂಬರ್ ಮಗನದಾಗಿದ್ದರಿಂದ, ಒಟಿಪಿಗಾಗಿ ಕಾದು ಕುಳಿತ ಆ ಅರ್ಧ ಗಂಟೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನೀವು ಯಾವ ದಾರಿ ಹಿಡಿದರೂ ವರ್ಚುವಲ್ ಮಷೀನ್ ಆಫ್ ಮಾಡಿ ಅದರ ಇಡೀ ಫೋಲ್ಡರನ್ನು ಕಾಪಿ ಮಾಡಿ, ರಿಕವರಿ ಕೀಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಬೀರುವಿನಲ್ಲಿಡಿ.

2017ರ ಲ್ಯಾಪ್‌ಟಾಪ್ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ವರ್ಚುವಲ್ ಮಷೀನ್ ಒಳಗೆ ಹಾಕಿದರೆ ಹಳೆಯ ಪ್ರೊಸೆಸರ್‌ನ ಅಡ್ಡಿ ತಪ್ಪುತ್ತದೆ ಎಂದು ಹಲವರು ಹೇಳುತ್ತಾರೆ. ಸ್ಥಾಪನೆ ಆಗಲೂಬಹುದು. ಆದರೆ ಹೊರಗಿನ ಯಂತ್ರದ ಪ್ರೊಸೆಸರ್ ಕೂಡ ವಿಂಡೋಸ್ 11ರ ಪಟ್ಟಿಯಲ್ಲಿರಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ, ಇಂಟೆಲ್‌ನಲ್ಲಿ ಆ ಪಟ್ಟಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಶುರುವಾಗುತ್ತದೆ. ಅದರಲ್ಲಿ ಉಬುಂಟು ಮಾತ್ರ ಹಾಕಿ, ಬ್ರೌಸರ್‌ನಲ್ಲಿ ಮುಗಿಯುವ ಕೆಲಸವನ್ನು ಆ ಮೇಜಿಗೆ ಕೊಡಿ. ಜಿಎಸ್‌ಟಿಯಲ್ಲಿ ಏಕಮಾಲೀಕತ್ವದ ಅಂಗಡಿಗಳ ರಿಟರ್ನ್ಸ್ ಇವಿಸಿ ಮೂಲಕ, ಒಟಿಪಿಯಲ್ಲೇ ಸಲ್ಲುತ್ತದೆ. ಆ ಕಕ್ಷಿದಾರರ ಕೆಲಸಕ್ಕೆ ವಿಂಡೋಸ್ ಬೇಕಾಗಿಯೇ ಇಲ್ಲ.

ನುಡಿ ಕಡತಗಳ ಮಾತೂ ಹಾಗೆಯೇ. ಹಳೆಯ ನುಡಿ ಕಡತಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುವುದು ಅದಕ್ಕೇ. ಬಿಡುವಿದ್ದಾಗ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು, ಎಲ್ಲಕ್ಕಿಂತ ಹೆಚ್ಚಾಗಿ ಹೆಸರುಗಳನ್ನು ಮತ್ತು ಅಂಕಿಗಳನ್ನು, ಮೂಲದ ಜೊತೆ ಹೋಲಿಸಿ ನೋಡಿ. ಉಬುಂಟುವಿನಲ್ಲೂ ನಿಮ್ಮ ಬೆರಳಿಗೆ ಅಭ್ಯಾಸವಾದ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಟೈಪಿಂಗ್ ಹೊಸದಾಗಿ ಕಲಿಯಬೇಕಾಗಿಲ್ಲ.

ಮೈಕ್ರೋಸಾಫ್ಟ್‌ನ ಕ್ಲೌಡ್ ಪಿಸಿಯನ್ನು ತಿಂಗಳ ಬಾಡಿಗೆಗೆ ಪಡೆಯುವ ದಾರಿಯೂ ಇದೆ. ಆದರೆ ರಿಟರ್ನ್ಸ್‌ನ ಕೊನೆಯ ದಿನ ಇಂಟರ್ನೆಟ್ ಕೈಕೊಟ್ಟರೆ ಲೆಕ್ಕವೂ ಟೋಕನ್ನಿನ ಸಹಿಯೂ ಒಟ್ಟಿಗೆ ನಿಲ್ಲುತ್ತವೆ. ನಿಮ್ಮಂಥ ಕಚೇರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಈಗಿರುವ ವರ್ಚುವಲ್ ಮಷೀನನ್ನು ಅಳಿಸುವ ಮುನ್ನ ಒಂದು ಕೆಲಸ ಮರೆಯಬೇಡಿ. ಅದರೊಳಗೆ ಟ್ಯಾಲಿ ಲೈಸೆನ್ಸ್ ಆಕ್ಟಿವೇಟ್ ಮಾಡಿದ್ದರೆ, ಕಂಪನಿಗಳ ಡೇಟಾ ಬ್ಯಾಕಪ್ ತೆಗೆದು, ಟ್ಯಾಲಿಯ ಒಳಗಿನಿಂದಲೇ ಲೈಸೆನ್ಸನ್ನು ಸರೆಂಡರ್ ಮಾಡಿ. ಆಮೇಲೆ ಹೊಸ ವಿಂಡೋಸ್‌ನಲ್ಲಿ ಆಕ್ಟಿವೇಟ್ ಮಾಡಿ, ಹಿಂದಿನ ತಿಂಗಳ ಒಂದು ರಿಟರ್ನ್ಸ್ ತೆರೆದು ಅಂಕಿಗಳು ತಾಳೆಯಾಗುತ್ತವೆಯೇ ನೋಡಿ. ಅದು ಸರಿ ಇದೆ ಎಂದಾದ ಮೇಲೆ ಹಳೆಯದನ್ನು ಅಳಿಸಿ.